ಒಂದು ಗುಳಿಗೆ, ಒಳಗೆ ಮೂರು ಔಷಧ

ಮಹಾರಾಷ್ಟ್ರದಲ್ಲಿರುವ ನಮ್ಮ ಜತ್ತ ತಾಲೂಕಿನ ಕಾಕು (ಚಿಕ್ಕಮ್ಮ) ಒಬ್ಬರು ಎಚ್‌ಐವಿ ಗುಳಿಗೆ ತರಲು ಹೋಗುವಾಗ ಚೀಲದಲ್ಲಿ ಅರಳೆ ಒಯ್ಯುತ್ತಾರೆ. ಬಿಳಿ ಡಬ್ಬಿಯಲ್ಲಿ 30 ಗುಳಿಗೆ. ಬಸ್ಸು ಕುಲುಕಿದರೆ ಗಲಗಲ ಅನ್ನುತ್ತವೆ. ಅದಕ್ಕೇ ಡಬ್ಬಿ ತುಂಬ ಅರಳೆ ತುರುಕುತ್ತಾರೆ. "ಹೆಸರು ಬ್ಯಾಡ, ಆದ್ರ ಬರಿ" ಅಂದವರೂ ಅವರೇ.

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ, ಡಾ. ಸುನೀತಿ ಸಾಲೊಮನ್ ಅವರ ತಂಡದಿಂದ. ಮರುವರ್ಷ ಅಮೆರಿಕದಲ್ಲಿ ಜಿಡೊವುಡಿನ್ ಎಂಬ ಮೊದಲ ಔಷಧಕ್ಕೆ ಒಪ್ಪಿಗೆ ಸಿಕ್ಕಿತು. ಆದರೆ ಒಂದೇ ಔಷಧವಾದರೆ ವೈರಸ್ ಬೇಗ ರೂಪ ಬದಲಿಸಿ ತಪ್ಪಿಸಿಕೊಳ್ಳುತ್ತಿತ್ತು. 1996ರ ಹೊತ್ತಿಗೆ ಮೂರು ಔಷಧ ಒಟ್ಟಿಗೆ ಕೊಡತೊಡಗಿದ ಮೇಲೆ ಸಾವು ಇಳಿಯಿತು. ಖರ್ಚು ಮಾತ್ರ ವರ್ಷಕ್ಕೆ 10 ಸಾವಿರ ಡಾಲರ್ ದಾಟುತ್ತಿತ್ತು. ಜೋಳ ಬೆಳೆದು ಬದುಕುವ ಮನೆಗೆ ಅದು ಔಷಧ ಇದ್ದೂ ಇಲ್ಲದಂತೆ. 2001ರಲ್ಲಿ ಮುಂಬೈನ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ದಿನಕ್ಕೆ ಒಂದು ಡಾಲರ್‌ಗಿಂತ ಕಡಿಮೆಗೆ ಕೊಡುತ್ತೇನೆಂದು ಮುಂದೆ ಬಂದರು. ನನ್ನ ಪ್ರಕಾರ ಇಡೀ ಕಥೆ ತಿರುಗಿದ್ದು ಅಲ್ಲೇ. 2004ರ ಏಪ್ರಿಲ್‌ನಿಂದ ಸರ್ಕಾರಿ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಸೆಂಟರ್‌ಗಳಲ್ಲಿ ಪುಕ್ಕಟೆ ಔಷಧ ಶುರುವಾಯಿತು. ಮೊದಲ ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಇತ್ತು.

ಮುಂದೆ ಬಂದ ಎಫಾವಿರೆಂಜ್ ಎಂಬ ಔಷಧ ನುಂಗಿದರೆ ಹಲವರಿಗೆ ತಲೆ ಸುತ್ತು, ಕೆಟ್ಟ ಕನಸು. ಕಾಕುಗೆ ರಾತ್ರಿ ಅಂದರೇ ಹೆದರಿಕೆಯಾಗಿತ್ತು. ಈಗ ಅದರ ಜಾಗದಲ್ಲಿ ಡೊಲುಟೆಗ್ರಾವಿರ್ ಎಂಬ ಔಷಧ ಇದೆ. ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ, ಮೂರೂ ಸೇರಿ ದಿನಕ್ಕೊಂದೇ ಗುಳಿಗೆ. ವೈರಸ್ ತನ್ನ ವಂಶವಾಹಿಯನ್ನು ನಮ್ಮ ಜೀವಕೋಶದ ಡಿಎನ್ಎಗೆ ಹೊಲಿದುಬಿಡುತ್ತದೆ. ಡೊಲುಟೆಗ್ರಾವಿರ್ ಆ ಸೂಜಿಯನ್ನೇ ಹಿಡಿದು ನಿಲ್ಲಿಸುತ್ತದೆ. ಉಳಿದೆರಡು ಅದಕ್ಕೂ ಮೊದಲೇ ವೈರಸ್ ತನ್ನ ವಂಶವಾಹಿಯನ್ನು ನಕಲು ಮಾಡುವುದನ್ನು ತಡೆಯುತ್ತವೆ.

ಒಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ಎದೆ ಉರಿಗೆ ಕುಡಿಯುವ ಗುಲಾಬಿ ಬಣ್ಣದ ಔಷಧ ಇದೆ ಅಲ್ವಾ, ಅದರಲ್ಲಿರುವ ಅಲ್ಯೂಮಿನಿಯಂ, ಮೆಗ್ನೀಸಿಯಂ ಡೊಲುಟೆಗ್ರಾವಿರ್ ಮೈಗೆ ಹತ್ತದಂತೆ ಮಾಡುತ್ತವೆ. ಅದನ್ನು ಕುಡಿಯುವ 2 ಗಂಟೆ ಮೊದಲು ಅಥವಾ ಕುಡಿದ 6 ಗಂಟೆ ನಂತರ ಈ ಗುಳಿಗೆ ನುಂಗಬೇಕು. ಟಿಬಿಗೆ ರಿಫಾಂಪಿಸಿನ್ ನಡೆಯುತ್ತಿದ್ದರೆ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಸಲ ಬೇಕಾಗುತ್ತದೆ. ಅದನ್ನು ಡಾಕ್ಟರೇ ಹೇಳಬೇಕು.

ಕಳೆದ ಸಲ ಕಾಕು ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ) ರಿಪೋರ್ಟ್ ತಂದು ನನ್ನ ಕೈಗಿಟ್ಟರು. ವೈರಸ್ ಪತ್ತೆಯಾಗಿಲ್ಲ ಎಂದಿತ್ತು. ಎರಡು ಸಲ ಓದಿಸಿದರು. ಹೀಗೇ ಉಳಿದರೆ ದೈಹಿಕ ಸಂಬಂಧದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ.

"ಹಂಗಾದ್ರ ಬಿಡಬಹುದೇನೋ ತಮ್ಮಾ?"

"ಬ್ಯಾಡ ಕಾಕು. ಹೊಲಿದುಕೊಂಡು ಮಲಗಿರೋದು ಒಳಗ ಇನ್ನೂ ಐತಿ. ಗುಳಿಗಿ ಬಿಟ್ರ ಕೆಲವೇ ವಾರದಾಗ ಏಳ್ತದ."

ರಿಪೋರ್ಟ್ ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡರು. ಆಮೇಲೆ ನೀರು ಕೇಳಿದರು. ರಾತ್ರಿ ಒಂಬತ್ತಾಗಿತ್ತು.