ರಿಮೋಟಿನಲ್ಲಿ ಕಾಣದ ಲೆಕ್ಕ

ಹಿಂದೆ ನಾನಿದ್ದ ಬೆಂಗಳೂರಿನ ಕಚೇರಿಯೊಂದರಲ್ಲಿ ಏಪ್ರಿಲ್ ತಿಂಗಳಲ್ಲೂ ಕುರ್ಚಿಗಳ ಬೆನ್ನಿಗೆ ಶಾಲುಗಳು ನೇತಾಡುತ್ತಿದ್ದವು. ಹೊರಗೆ ನೆತ್ತಿ ಸುಡುವ ಬಿಸಿಲು, ಒಳಗೆ ಗಡಗಡ ನಡುಕ. ಒಬ್ಬರು ಎದ್ದು ಎ.ಸಿ.ಯನ್ನು 24ಕ್ಕೆ ಏರಿಸಿದರೆ ಹತ್ತು ನಿಮಿಷದಲ್ಲಿ ಇನ್ನೊಬ್ಬರು 20ಕ್ಕೆ ಇಳಿಸುತ್ತಿದ್ದರು. ಕೊನೆಗೆ ರಿಮೋಟು ಮೇಲಧಿಕಾರಿಯ ಮೇಜಿನ ಖಾನೆ ಸೇರಿತು. ಅಂಕೆ 21 ಎಂದು ತೀರ್ಮಾನವಾಯಿತು. ಮೇಲಧಿಕಾರಿ ದಿನವೂ ಕೋಟು ತೊಟ್ಟು ಬರುತ್ತಿದ್ದರು.

ಇಂಥ ಜಗಳಕ್ಕೆ ಗಣಿತದಲ್ಲಿ ಉತ್ತರ ಹುಡುಕಿದವರು ಪಿ. ಓಲೆ ಫ್ಯಾಂಗರ್. 1934ರಲ್ಲಿ ಹುಟ್ಟಿದ ಡೆನ್ಮಾರ್ಕಿನ ಎಂಜಿನಿಯರ್. ಗೋಡೆಯ ದಪ್ಪ, ಕೊಳವೆಯ ಅಳತೆಗಳಲ್ಲಿ ಮುಳುಗಿದ್ದ ವೃತ್ತಿಯೊಂದರಲ್ಲಿ ಅವರು ಲೆಕ್ಕವನ್ನು ಒಳಗೆ ಕುಳಿತವನ ಚರ್ಮದಿಂದ ಶುರುಮಾಡಿದರು.

ಸುಮ್ಮನೆ ಕುಳಿತ ವಯಸ್ಕನ ಮೈ ಸುಮಾರು 100 ವ್ಯಾಟ್ ಶಾಖ ಹೊರಹಾಕುತ್ತದೆ, ಹಳೆಯ ಬುರುಡೆ ಬಲ್ಬಿನಷ್ಟು. ಹುಟ್ಟಿದ ಶಾಖ ಹುಟ್ಟಿದಷ್ಟೇ ವೇಗದಲ್ಲಿ ಹೊರಹೋದರೆ ಕೋಣೆಯ ನೆನಪೇ ನಮಗೆ ಬರುವುದಿಲ್ಲ. ಹೆಚ್ಚು ಹೋದರೆ ಚಳಿ, ಉಳಿದುಕೊಂಡರೆ ಸೆಕೆ. ಈ ಜಮಾಖರ್ಚನ್ನು ಆರು ಸಂಗತಿಗಳು ನಿರ್ಧರಿಸುತ್ತವೆ ಎಂದು ಫ್ಯಾಂಗರ್ ಸಮೀಕರಣ ಬರೆದರು: ಗಾಳಿಯ ಉಷ್ಣಾಂಶ, ಗಾಳಿಯ ವೇಗ, ತೇವಾಂಶ, ಸುತ್ತಲಿನ ಗೋಡೆ ಚಾವಣಿಗಳಿಂದ ಬರುವ ವಿಕಿರಣ, ತೊಟ್ಟ ಬಟ್ಟೆ, ಮಾಡುವ ಕೆಲಸ.

ಇವುಗಳಲ್ಲಿ ವಿಕಿರಣವನ್ನು ನಾವು ಗಮನಿಸುವುದೇ ಕಡಿಮೆ. ಮೇ ತಿಂಗಳ ರಾತ್ರಿ, ತಾರಸಿಯ ಕೆಳಗಿನ ಮಹಡಿ. ಹೊರಗೆ ತಂಗಾಳಿ, ಕಿಟಕಿಗಳೆಲ್ಲ ತೆರೆದಿವೆ, ಫ್ಯಾನು ತಿರುಗುತ್ತಿದೆ, ಆದರೂ ಮಂಚದ ಮೇಲೆ ಮಲಗಿದವನಿಗೆ ಹೊರಳಾಟ. ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟು ಚಾವಣಿ ಈಗ ಆರಿದ ಒಲೆಯ ಹಾಗೆ ನೇರವಾಗಿ ಮೈಗೆ ಶಾಖ ಸುರಿಸುತ್ತಿದೆ. ಗೋಡೆಯ ಉಷ್ಣಮಾಪಕಕ್ಕೆ ಇದು ಸರಿಯಾಗಿ ತಿಳಿಯುವುದೇ ಇಲ್ಲ. ತಾರಸಿಗೆ ಬಿಳಿ ಬಣ್ಣ ಬಳಿದರೆ ಎ.ಸಿ. ಕೊಳ್ಳುವ ಮಾತು ಒಂದೆರಡು ವರ್ಷ ಮುಂದಕ್ಕೆ ಹೋಗಬಹುದು.

ಬಟ್ಟೆ ಎಷ್ಟು ಶಾಖ ತಡೆಹಿಡಿಯುತ್ತದೆ ಎಂದು ಅಳೆಯುವುದಕ್ಕೂ ಒಂದು ಮಾನವಿದೆ. ಅದರ ಹೆಸರು ಕ್ಲೋ, 1941ರಲ್ಲಿ ಬಂದದ್ದು. ಪೂರ್ತಿ ಸೂಟು ತೊಟ್ಟವನದು ಸುಮಾರು 1 ಕ್ಲೋ. ನಮ್ಮ ಸೀರೆಯನ್ನೂ ಸಂಶೋಧಕರು ಅಳೆದಿದ್ದಾರೆ. ಒಂದೇ ಸೀರೆ, ಸೆರಗನ್ನು ಹೊದ್ದರೆ ಒಂದು ಅಂಕೆ, ಸಿಕ್ಕಿಸಿಕೊಂಡರೆ ಇನ್ನೊಂದು.

ಸಮೀಕರಣಕ್ಕೆ ಮನುಷ್ಯರ ಸಾಕ್ಷಿಯೂ ಬೇಕಿತ್ತು. 1960ರ ದಶಕದಲ್ಲಿ ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯವೊಂದರಲ್ಲಿ 720 ವಿದ್ಯಾರ್ಥಿಗಳಿಗೆ ಒಂದೇ ಬಗೆಯ ಹತ್ತಿ ಅಂಗಿ, ಪ್ಯಾಂಟು ತೊಡಿಸಿ, ಹದ ಮಾಡಿದ ಕೋಣೆಯಲ್ಲಿ ಮೂರು ಗಂಟೆ ಕೂರಿಸಿ ಚಳಿಯೋ ಸೆಕೆಯೋ ಎಂದು ಕೇಳಿದ್ದರು. ಅವರಿಗೆ ಹಿತವೆನಿಸಿದ್ದು 25.6 ಡಿಗ್ರಿ. ಫ್ಯಾಂಗರ್ ಅದೇ ಪರೀಕ್ಷೆಯನ್ನು ಡೆನ್ಮಾರ್ಕಿನ ವಿದ್ಯಾರ್ಥಿಗಳ ಮೇಲೆ ಮಾಡಿದರು: 25.7. ವೃದ್ಧರ ಮೇಲೂ ಮಾಡಿದರು. ಶೀತಲ ಕೊಠಡಿಯಲ್ಲಿ ಮಾಂಸ ಕತ್ತರಿಸುವವರು, ಚಳಿಗಾಲದ ಸಮುದ್ರದಲ್ಲಿ ಈಜುವವರು, ಯಾರನ್ನು ಕರೆತಂದರೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಮನುಷ್ಯನ ಮೈ ಎಲ್ಲೆಡೆ ಒಂದೇ ಎಂದು ಅವರಿಗೆ ಮನವರಿಕೆಯಾಯಿತು. 1970ರಲ್ಲಿ ಪ್ರಬಂಧ ಬಂತು, 1984ರಲ್ಲಿ ಅದು ಐಎಸ್ಒ 7730 ಎಂಬ ಅಂತರರಾಷ್ಟ್ರೀಯ ಮಾನದಂಡವಾಯಿತು.

ಆ ಮಾನದಂಡದಲ್ಲಿ ನನಗೆ ಬಹಳ ಇಷ್ಟವಾದದ್ದು ಅದರ ಪ್ರಾಮಾಣಿಕತೆ. ಎಲ್ಲ ಆರು ಸಂಗತಿಗಳನ್ನೂ ಹದಕ್ಕೆ ತಂದ ಮೇಲೂ ನೂರಕ್ಕೆ ಐದು ಮಂದಿ ಗೊಣಗುತ್ತಾರೆ ಎಂದು ಅದೇ ಒಪ್ಪಿಕೊಳ್ಳುತ್ತದೆ.

ಬಳಸಿದವರು ಇಷ್ಟು ಪ್ರಾಮಾಣಿಕರಾಗಿರಲಿಲ್ಲ. ಸಮೀಕರಣಕ್ಕೆ ಸೂಟು ತೊಟ್ಟ ಗಂಡಸನ್ನು ಕೊಟ್ಟರೆ ಅದು 22ರ ಆಸುಪಾಸಿನ ಉತ್ತರ ಕೊಡುತ್ತದೆ. ಉಳಿದ ಐದನ್ನು ಕೈಬಿಟ್ಟು ಆ ಒಂದು ಅಂಕೆಯನ್ನಷ್ಟೇ ಹಿಡಿದುಕೊಂಡ ಕಟ್ಟಡಗಳು ಎಷ್ಟೋ. ಮಾನದಂಡದ ಕೋಷ್ಟಕಗಳಲ್ಲೂ ದೋಷವಿತ್ತು: ಅವು ಹೆಂಗಸರ ದೇಹ ಹುಟ್ಟಿಸುವ ಶಾಖವನ್ನು ಶೇ. 35ರವರೆಗೂ ಹೆಚ್ಚಾಗಿ ಅಂದಾಜಿಸಿರಬಹುದು ಎಂದು 2015ರಲ್ಲಿ ನೆದರ್ಲೆಂಡ್ಸ್‌ನ ಇಬ್ಬರು ಸಂಶೋಧಕರು ತೋರಿಸಿದರು. ನಮ್ಮ ಕಚೇರಿಯ ಶಾಲುಗಳೆಲ್ಲ ಯಾರವು ಎಂದು ಹೇಳಬೇಕಿಲ್ಲ.

ಇನ್ನೊಂದು ತಕರಾರು ಬಿಸಿ ನಾಡುಗಳಿಂದ ಬಂತು. ರೂರ್ಕಿ, ಬಾಗ್ದಾದ್‌ಗಳ ಅಂಕಿಅಂಶ ಇಟ್ಟುಕೊಂಡು ಬ್ರಿಟನ್ನಿನ ನಿಕಲ್ ಮತ್ತು ಹಂಫ್ರೀಸ್ 1970ರ ದಶಕದಲ್ಲೇ ಹೇಳಿದ್ದರು: ಕಿಟಕಿ ತೆರೆಯುವ, ಫ್ಯಾನು ಹಾಕುವ, ತೆಳು ಬಟ್ಟೆ ತೊಡುವ ಸ್ವಾತಂತ್ರ್ಯವಿದ್ದವರಿಗೆ ಹೆಚ್ಚಿನ ಬಿಸಿಯೂ ಹಿತವೇ. ಫ್ಯಾಂಗರ್ 2002ರಲ್ಲಿ, ಅರವತ್ತು ದಾಟಿದ ಮೇಲೆ, ಸಹೋದ್ಯೋಗಿಯ ಜತೆ ತಮ್ಮ ಸಮೀಕರಣಕ್ಕೆ ಹೊಸ ಗುಣಕವೊಂದನ್ನು ಸೇರಿಸಿದರು: 0.5ರಿಂದ 1ರವರೆಗಿನ ‘ನಿರೀಕ್ಷೆ’. ಎ.ಸಿ. ಅಪರೂಪವಾದ ಊರಿನವರ ನಿರೀಕ್ಷೆಯೇ ಕಡಿಮೆ, ಹಾಗಾಗಿ ದೂರೂ ಕಡಿಮೆ ಎಂಬುದು ಅದರ ಇಂಗಿತ. ಇಲ್ಲಿ ನಾನು ಅವರ ಜತೆಗಿಲ್ಲ. ಜಗಲಿಗೆ ಚಾಪೆ ಎಳೆದುಕೊಂಡು ಮಲಗುವವನು ಆಸೆ ಕಳೆದುಕೊಂಡವನಲ್ಲ, ಉಪಾಯ ಬಲ್ಲವನು. ಆದರೂ ಜೀವಮಾನದ ಸಮೀಕರಣವನ್ನು ಆ ವಯಸ್ಸಿನಲ್ಲಿ ತಿದ್ದಿದ್ದು ಸಣ್ಣ ಮಾತಲ್ಲ. 2006ರಲ್ಲಿ ಅವರು ತೀರಿಕೊಂಡರು.

ನಮ್ಮಲ್ಲಿ ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಬೆಂಗಳೂರೂ ಸೇರಿ ಐದು ನಗರಗಳ ಕಚೇರಿಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಉತ್ತರಗಳನ್ನು ಕಲೆಹಾಕಿ ಭಾರತದ್ದೇ ಸೂತ್ರ ಕೊಟ್ಟರು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಅದಕ್ಕೆ ಸ್ಥಾನವಿದೆ. 2020ರಿಂದ ಸ್ಟಾರ್ ಗುರುತಿನ ಕೋಣೆ ಎ.ಸಿ.ಗಳು ಆನ್ ಮಾಡಿದೊಡನೆ 24ರಲ್ಲೇ ಶುರುವಾಗಬೇಕು ಎಂಬ ನಿಯಮವೂ ಬಂತು. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6 ವಿದ್ಯುತ್ ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೋದ ಅಂದಾಜು.

ಸೆಪ್ಟ್ ಸೂತ್ರದಲ್ಲಿ, ಬೇಕಾದಾಗ ಕಿಟಕಿ, ಬೇಕಾದಾಗ ಎ.ಸಿ. ಬಳಸುವ ಕಟ್ಟಡಕ್ಕೆ ಹೊರಗಿನ ಸರಾಸರಿ ಉಷ್ಣಾಂಶವನ್ನು 0.28ರಿಂದ ಗುಣಿಸಿ 17.87 ಕೂಡಿಸಬೇಕು. ಹೊರಗಿನ ಸರಾಸರಿ 28 ಎಂದಿಟ್ಟುಕೊಂಡು ಒಂದು ಸಲ ಕೂಡಿ ನೋಡಿದೆ. ಬಂದದ್ದು 25.7, ಹತ್ತಿ ಅಂಗಿಯ ಆ ಡೇನಿಶ್ ಹುಡುಗರು ಹೇಳಿದ ಅದೇ ಅಂಕೆ. ಕಾಕತಾಳೀಯವೇ ಸರಿ. ಆದರೂ ಆ ಕಾಗದವನ್ನು ಮೇಲಧಿಕಾರಿಯ ಮೇಜಿನ ಮೇಲೆ ಇಟ್ಟು ಬಂದೆ. ಮರುದಿನ ಅದು ಎ.ಸಿ. ಗಾಳಿಗೆ ಹಾರಿ ನೆಲದ ಮೇಲೆ ಬಿದ್ದಿತ್ತು.