ಗೇಜ್ ಅಂದ್ರೆ ರೈಲಿನ ಗಾತ್ರ ಅಲ್ಲ

ಕುಶಾಲನಗರಕ್ಕೆ ರೈಲು ಬರುತ್ತದಂತೆ ಅನ್ನುವ ಮಾತು ಎದ್ದಾಗಲೆಲ್ಲ ಒಬ್ಬರಾದರೂ ಹೇಳುತ್ತಾರೆ: "ಬಂದ್ರೆ ಬ್ರಾಡ್‌ಗೇಜ್ ಬರಲಿ, ಸಿಂಗಲ್ ಲೈನ್ ಬೇಡ." ಮೊನ್ನೆ ಚೀನಾ–ಕಿರ್ಗಿಸ್ತಾನ–ಉಜ್ಬೇಕಿಸ್ತಾನ ರೈಲಿನ ಮಾತು ಬಂತು. ಆಗ ಇನ್ನೊಬ್ಬರು, "ಅಷ್ಟು ಎತ್ತರದ ಬೆಟ್ಟದಲ್ಲಿ ಸ್ಪೀಡ್ ಬೇಕಂದ್ರೆ ಬ್ರಾಡ್‌ಗೇಜೇ ಆಗಬೇಕು" ಅಂದರು. ಸಾಕಾಯಿತು ನನಗೆ.

ಬೇರೆಯವರು ತಪ್ಪಿದರೆ ಬಿಡಬಹುದು. ಕೊಡಗಿನವರು ಈ "ಗೇಜ್" ಅನ್ನುವ ಪದದಲ್ಲಿ ಎಡವಬಾರದು. ತೋಟದ ಮನೆ ಅಂಗಳದಲ್ಲಿ ಮಳೆ ಅಳೆಯುವ ರೈನ್‌ಗೇಜ್ ಇದೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮಾರನೇ ಬೆಳಿಗ್ಗೆ ಕಾಫಿಗೂ ಮುಂಚೆ ಅದನ್ನು ನೋಡಿ, "ನಿಮ್ಮಲ್ಲಿ ಎಷ್ಟು? ನಮ್ಮಲ್ಲಿ ಒಂದು ಇಂಚು ಇಪ್ಪತ್ತು ಸೆಂಟ್" ಅಂತ ಫೋನ್ ಮಾಡುತ್ತೇವೆ (ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ). ಗೇಜ್ ಅಂದರೆ ಅಳತೆ, ಅಥವಾ ಅಳೆಯುವ ಸಾಧನ. ಹಳೇ ಫ್ರೆಂಚಿನಲ್ಲಿ ಅಳತೆಕೋಲಿಗೆ ಇದ್ದ ಹೆಸರು ಇಂಗ್ಲಿಷಿಗೆ ಹೋಗಿ, ಅಲ್ಲಿಂದ ನಮ್ಮ ಅಂಗಳಕ್ಕೆ ಬಂತು.

ಕೋವಿಯದು ಇನ್ನೂ ಸ್ವಾರಸ್ಯ. ಹನ್ನೆರಡು ಬೋರ್ ಅನ್ನುತ್ತೇವಲ್ಲ, ಅದನ್ನೇ ಅಮೆರಿಕದವರು ಹನ್ನೆರಡು ಗೇಜ್ ಅನ್ನುತ್ತಾರೆ. ನಳಿಗೆಯೊಳಗೆ ಸರಿಯಾಗಿ ಕೂರುವ ಸೀಸದ ಗುಂಡು ಮಾಡಿದರೆ, ಒಂದು ಪೌಂಡಿಗೆ 12 ಗುಂಡು ಬರಬೇಕು. ಹದಿನಾರು ಬೋರ್ ಆದರೆ 16. ಹಾಗಾಗಿ ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಸಣ್ಣದು. ಬೇಲಿ ತಂತಿಯಲ್ಲೂ ಹೀಗೇ: ಗೇಜ್ ಸಂಖ್ಯೆ ಏರಿದಂತೆ ತಂತಿ ತೆಳು. ಅಂಗಡಿಯಲ್ಲಿ ಇದು ಮರೆತು ಬೇಲಿಗೆ ದಾರದಂಥ ತಂತಿ ತಂದವನು ನಾನೇ, ಇರಲಿ.

ರೈಲಿನಲ್ಲಿ ಈ ತಲೆಕೆಳಗಿನ ಲೆಕ್ಕವಿಲ್ಲ. ಒಂದು ಹಳಿಯ ಒಳ ಅಂಚಿನಿಂದ ಇನ್ನೊಂದರ ಒಳ ಅಂಚಿಗೆ ಎಷ್ಟು ದೂರ, ಅಷ್ಟೇ ಗೇಜ್. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್, ಅಂದರೆ ಐದೂವರೆ ಅಡಿ. ಮೀಟರ್‌ಗೇಜ್ ಹೆಸರೇ ಹೇಳುವಂತೆ ಒಂದು ಮೀಟರ್. ಕೆಲವರು ಬ್ರಾಡ್‌ಗೇಜನ್ನು "ಅಗಲ ಹಳಿ" ಅನ್ನುತ್ತಾರೆ. ಹಳಿ ಅಗಲ ಅಲ್ಲ ಸ್ವಾಮಿ, ನಡುವಿನ ಜಾಗ ಅಗಲ. ಸಿಂಗಲ್ಲೋ ಡಬಲ್ಲೋ, ಅಂದರೆ ಹಳಿ ಒಂದು ಜೋಡಿಯೋ ಎರಡು ಜೋಡಿಯೋ ಅನ್ನುವುದು ಬೇರೆಯೇ ವಿಷಯ. ವೇಗಕ್ಕೂ ಇದೊಂದೇ ಕಾರಣವಲ್ಲ. ಜಪಾನಿನ ಬುಲೆಟ್ ರೈಲು ಓಡುವುದು 1435 ಮಿಲಿಮೀಟರಿನಲ್ಲಿ, ನಮ್ಮದಕ್ಕಿಂತ ಕಿರಿದು.

ಬೆಟ್ಟದಲ್ಲಿ ಗೇಜಿನ ಮಾತು ಬರುವುದರಲ್ಲಿ ಸ್ವಲ್ಪ ಹುರುಳಿದೆ, ಆದರೆ ಅವರು ಹೇಳಿದ್ದಕ್ಕೆ ಉಲ್ಟಾ. ಗೇಜ್ ಕಿರಿದಾದರೆ ಹಳಿಯನ್ನು ಜಾಸ್ತಿ ಬಳುಕಿಸಬಹುದು, ಸುರಂಗ ಕಮ್ಮಿ ಕೊರೆಯಬಹುದು. ಡಾರ್ಜಿಲಿಂಗಿನ ಎರಡಡಿ ಗೇಜಿನ ಹಳಿ ಬೆಟ್ಟವನ್ನು ಸುತ್ತಿ ಸುತ್ತಿ ಹತ್ತುತ್ತದೆ. ಹಾಗಂತ ಬ್ರಾಡ್‌ಗೇಜ್ ಘಟ್ಟ ಹತ್ತುವುದಿಲ್ಲ ಅಂತಲ್ಲ. ನಮ್ಮ ಪಕ್ಕದ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ ನೋಡಿ: ಐವತ್ತಕ್ಕೂ ಹೆಚ್ಚು ಸುರಂಗ, ಸುಮಾರು ಐವತ್ತು ಮೀಟರಿಗೆ ಒಂದು ಮೀಟರ್ ಏರು. ಮೀಟರ್‌ಗೇಜ್ ಇದ್ದದ್ದನ್ನು ಬ್ರಾಡ್‌ಗೇಜ್ ಮಾಡಲು 1996ರಲ್ಲಿ ನಿಲ್ಲಿಸಿದರು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಕೊನೆಗೆ.

ಗಡಿ ದಾಟುವ ರೈಲಿಗೆ ಬೆಟ್ಟದಷ್ಟೇ ದೊಡ್ಡ ತಲೆನೋವು ಗೇಜು. ಚೀನಾದ್ದು 1435. ಸೋವಿಯತ್ ಕಾಲದ ಹಳಿ ಉಳಿದಿರುವ ಕಿರ್ಗಿಸ್ತಾನ, ಉಜ್ಬೇಕಿಸ್ತಾನಗಳದ್ದು 1520. ವ್ಯತ್ಯಾಸ 85 ಮಿಲಿಮೀಟರ್, ಹೆಚ್ಚುಕಮ್ಮಿ ನಾಲ್ಕು ಬೆರಳಿನ ಅಗಲ. ಅಷ್ಟಕ್ಕೇ ಚೀನಾದ ವ್ಯಾಗನ್ ಆ ಹಳಿಯ ಮೇಲೆ ಕೂರುವುದಿಲ್ಲ. 2024ರ ಡಿಸೆಂಬರಿನಲ್ಲಿ ಕೆಲಸ ಶುರುವಾದ ಆ ಮಾರ್ಗದಲ್ಲಿ ಚೀನಾದ ಅಳತೆಯ ಹಳಿ ಕಿರ್ಗಿಸ್ತಾನದ ಒಳಗಿನ ಮಕ್ಮಾಲ್ ತನಕ. ಅಲ್ಲಿ ಸರಕನ್ನು ಇಳಿಸಿ ಇನ್ನೊಂದು ರೈಲಿಗೆ ಏರಿಸಬೇಕು.

ಕಾಫಿ ಮೂಟೆಯನ್ನು ಜೀಪಿನಿಂದ ಇಳಿಸಿ ಲಾರಿಗೆ ಹೇರುವಾಗ ಎರಡು ಸಲ ಕೂಲಿ ಕೊಟ್ಟವರಿಗೆ ಮಕ್ಮಾಲಿನ ಖರ್ಚನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಇನ್ನು ಕುಶಾಲನಗರದ ವಿಷಯ. ಮೈಸೂರಿನ ಹಳಿ ಬ್ರಾಡ್‌ಗೇಜ್. ಅದಕ್ಕೆ ಸೇರುವ ಹೊಸ ಲೈನೂ ಬ್ರಾಡ್‌ಗೇಜೇ ಆಗುತ್ತದೆ. ಜಗಳ ಆಡುವುದಿದ್ದರೆ ಸಿಂಗಲ್ಲೋ ಡಬಲ್ಲೋ ಅಂತ ಆಡಿ.