ಉಸಿರನ್ನು ಹತ್ತರ ಆಚೆ ಏಕೆ ಎಣಿಸಬಾರದು?

ಧ್ಯಾನಕ್ಕೆ ಕೂತರೆ ಮನಸ್ಸು ಖಾಲಿಯಾಗಬೇಕು ಎಂಬ ಮಾತನ್ನು ಯಾರು ಹುಟ್ಟುಹಾಕಿದರೋ ತಿಳಿಯದು. ಅದನ್ನು ನಂಬಿ ಕೂತು, ತಲೆಯೊಳಗಿನ ಸಂತೆ ನಿಲ್ಲಲಿಲ್ಲವೆಂದು ಮೂರನೇ ದಿನಕ್ಕೇ ಎದ್ದವರು ಮಾತ್ರ ಎಲ್ಲ ಬೀದಿಯಲ್ಲೂ ಸಿಗುತ್ತಾರೆ. ಬೌದ್ಧ ಗ್ರಂಥಗಳು ಈ ಅಭ್ಯಾಸವನ್ನು ಕರೆಯುವುದು 'ಸತಿ' ಎಂದು. ನಮ್ಮ ಸತಿ-ಪತಿಯ ಸತಿಯಲ್ಲ ಇದು, ಸಂಸ್ಕೃತದ 'ಸ್ಮೃತಿ'ಯ ಪಾಳಿ ರೂಪ. 1881ರಲ್ಲಿ ಬ್ರಿಟನ್ನಿನ ಪಾಳಿ ವಿದ್ವಾಂಸ ರೀಸ್ ಡೇವಿಡ್ಸ್ ಇದನ್ನು 'ಮೈಂಡ್‌ಫುಲ್‌ನೆಸ್' ಎಂದು ಇಂಗ್ಲಿಷಿಗೆ ತಂದರು. ಈಗ ಅದು ಮೊಬೈಲ್ ಆ್ಯಪ್ ಹತ್ತಿ ವಾಪಸು ಬಂದಿದೆ. ಮೂಲದ ಅರ್ಥ ನೆನಪು. ಈ ಗಳಿಗೆಯಲ್ಲಿ ಏನು ಮಾಡುತ್ತಿದ್ದೇನೆಂಬ ನೆನಪು. ಒಲೆಯ ಮೇಲೆ ಹಾಲಿಟ್ಟು ಫೋನ್ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ನೆನಪನ್ನು ಪಳಗಿಸಲು ಇರುವ ಉಪಾಯಗಳಲ್ಲಿ ತೀರಾ ಸಾದಾ ಎನಿಸುವುದು ಉಸಿರೆಣಿಕೆ. ಉಸಿರನ್ನು ಗಮನಿಸುವುದನ್ನು ಕಲಿಸುವ ಬುದ್ಧನ ಆನಾಪಾನಸತಿ ಸೂತ್ರದಲ್ಲಿ ಎಣಿಕೆಯೇ ಇಲ್ಲ, ಹದಿನಾರು ಹಂತಗಳಷ್ಟೇ ಇವೆ. ಎಣಿಕೆ ಮುಂದಿನವರ ಸೇರ್ಪಡೆ. ಕ್ರಿ.ಶ. 148ರಲ್ಲಿ ಚೀನಾದ ಲುವೊಯಾಂಗಿಗೆ ಬಂದ ಪಾರ್ಥಿಯಾದ (ಈಗಿನ ಇರಾನ್ ಸೀಮೆಯ) ಭಿಕ್ಷು ಆನ್ ಶಿಗಾವೊ ಅನುವಾದಿಸಿದ ಗ್ರಂಥಗಳಲ್ಲೇ ಅದು ಕಾಣಿಸುತ್ತದೆ. ಆದರೆ ಅದರ ಒಳಗುಟ್ಟನ್ನು ಬಿಡಿಸಿಟ್ಟದ್ದು 5ನೇ ಶತಮಾನದಲ್ಲಿ ಶ್ರೀಲಂಕಾದ ಅನುರಾಧಪುರದಲ್ಲಿ ಕೂತು 'ವಿಶುದ್ಧಿಮಗ್ಗ' ಎಂಬ ಧ್ಯಾನದ ಕೈಪಿಡಿ ಬರೆದ ಭಿಕ್ಷು ಬುದ್ಧಘೋಷ.

ಅವನ ನಿಯಮ ಚಿಕ್ಕದು. ಐದಕ್ಕಿಂತ ಮೊದಲು ನಿಲ್ಲಿಸಬೇಡ, ಹತ್ತು ದಾಟಬೇಡ, ನಡುವೆ ಸಂಖ್ಯೆ ಹಾರಿಸಬೇಡ. ಕಾರಣವನ್ನೂ ಕೊಡುತ್ತಾನೆ: ಐದರೊಳಗೆ ಮುಗಿಸಿದರೆ ಇಕ್ಕಟ್ಟಾದ ದೊಡ್ಡಿಗೆ ನೂಕಿದ ದನಗಳ ಹಾಗೆ ಮನಸ್ಸು ಒದ್ದಾಡುತ್ತದೆ, ಹತ್ತು ದಾಟಿದರೆ ಅದು ಉಸಿರನ್ನು ಬಿಟ್ಟು ಸಂಖ್ಯೆಗೆ ಜೋತುಬೀಳುತ್ತದೆ.

ಮೊದಲು ಎಣಿಸಬೇಕಾದ್ದು ಧಾನ್ಯ ಅಳೆಯುವವನ ಹಾಗೆ, ನಿಧಾನವಾಗಿ. ಅವನು ಅಳತೆ ತುಂಬಿ ಸುರಿದು 'ಒಂದು' ಅನ್ನುತ್ತಾನೆ. ಮತ್ತೆ ತುಂಬುವಾಗ ಕಸಕಡ್ಡಿ ಕಂಡರೆ ಆಯ್ದು ಎಸೆಯುತ್ತ 'ಒಂದು, ಒಂದು' ಎನ್ನುತ್ತಲೇ ಇರುತ್ತಾನೆ. (ನಮ್ಮ ಕಣಗಳಲ್ಲಿ ಮೊದಲ ಕೊಳಗಕ್ಕೆ 'ಒಂದು' ಅನ್ನದೆ 'ಲಾಭ' ಅನ್ನುತ್ತಿದ್ದರು. ಬುದ್ಧಘೋಷ ಕೇಳಿದ್ದರೆ ನಗುತ್ತಿದ್ದ.) ಹೀಗೆ ಎಣಿಸಿ ಉಸಿರು ಸ್ಪಷ್ಟವಾದ ಮೇಲೆ ದನಗಾಹಿಯ ವೇಗದ ಎಣಿಕೆ. ಅವನು ಬೆಳಗ್ಗೆ ದೊಡ್ಡಿ ಬಾಗಿಲಿನ ಅಡ್ಡಗಳುವಿನ ಮೇಲೆ, ಮಲೆನಾಡಿನವರಾದರೆ ಉಣಗೋಲಿನ ಮೇಲೆ ಅನ್ನಿ, ಮಡಿಲಲ್ಲಿ ಹರಳು ಇಟ್ಟುಕೊಂಡು ಕೂರುತ್ತಾನೆ. ಹಸು ಬಾಗಿಲಿಗೆ ಬಂದಾಗ ಒಂದು ಹರಳು ಕೆಳಗೆ. ಅದು ಒಳಗೆಲ್ಲಿ ಮಲಗಿತ್ತು, ಹೊರಗೆಲ್ಲಿ ಮೇಯುತ್ತದೆ, ಅವನಿಗೆ ಬೇಕಿಲ್ಲ. ಉಸಿರಿನ ಬಾಗಿಲು ಮೂಗಿನ ಹೊಳ್ಳೆಯ ಅಂಚು.

ಈ ವೇಗದ ಎಣಿಕೆಯಲ್ಲೊಂದು ಜಾಣತನವಿದೆ. ಒಂದರಿಂದ ಐದು, ಮತ್ತೆ ಒಂದರಿಂದ ಆರು, ಆಮೇಲೆ ಏಳು, ಎಂಟು, ಒಂಬತ್ತು, ಹತ್ತು. ಪ್ರತಿ ಸುತ್ತಿಗೂ ಕೊನೆ ಬೇರೆ. ಮಗ್ಗಿ ಒಪ್ಪಿಸುವ ಹುಡುಗನ ಬಾಯಿ ಹದಿನಾರರ ಮಗ್ಗಿಯಲ್ಲಿದ್ದರೂ ಮನಸ್ಸು ಮೈದಾನದಲ್ಲಿರಬಹುದು. ಮನೆಯ ದಾರಿ ಹಿಡಿದ ಎತ್ತಿನ ಗಾಡಿಯಲ್ಲಿ ಗಾಡಿಯವನು ನಿದ್ದೆ ಹೋಗಬಹುದು. ರೂಢಿಯಾದ ಸರಣಿಗೆ ಗಮನ ಬೇಕಾಗುವುದಿಲ್ಲ. ಕೊನೆ ಬದಲಾಗುತ್ತ ಹೋದರೆ ಮಾತ್ರ 'ಈ ಸಲ ಎಲ್ಲಿ ನಿಲ್ಲಬೇಕು' ಎಂಬುದನ್ನು ಮನಸ್ಸು ಹಿಡಿದಿಟ್ಟುಕೊಳ್ಳಬೇಕು. ಏಳಕ್ಕೆ ನಿಲ್ಲಬೇಕಾದವರು ಹನ್ನೊಂದು ಮುಟ್ಟಿದ್ದರೆ ಮನಸ್ಸು ಎದ್ದು ಹೋಗಿ ಎಷ್ಟೋ ಹೊತ್ತಾಗಿದೆ ಎಂದು ಅಲ್ಲೇ ಗೊತ್ತಾಗುತ್ತದೆ. ಸೋರಿಕೆ ಆದೊಡನೆ ಟ್ರಿಪ್ ಆಗುವ ಸ್ವಿಚ್ ಇದ್ದ ಹಾಗೆ.

2014ರಲ್ಲಿ ಅಮೆರಿಕದ ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದ ಸಂಶೋಧಕರು ಗಮನವನ್ನು ಅಳೆಯಲು ಉಸಿರೆಣಿಕೆಯನ್ನೇ ಬಳಸಿದರು. ಒಂದರಿಂದ ಎಂಟರವರೆಗಿನ ಉಸಿರಿಗೆ ಒಂದು ಗುಂಡಿ ಒತ್ತಬೇಕು, ಒಂಬತ್ತನೆಯದಕ್ಕೆ ಇನ್ನೊಂದು. ಸರಿಯಾಗಿ ಎಣಿಸಿದವರ ಮನಸ್ಸು ಅಲೆಯುವುದೂ ಕಡಿಮೆಯಿತ್ತು. ನಾಲ್ಕು ವಾರ ಎಣಿಸಿ ಅಭ್ಯಾಸ ಮಾಡಿದವರಲ್ಲಿ ಅಲೆದಾಟ ಇನ್ನಷ್ಟು ತಗ್ಗಿತು. ಇದರಲ್ಲಿ ಪವಾಡವೂ ಇಲ್ಲ, ಮೂರನೇ ಕಣ್ಣೂ ಇಲ್ಲ.

ಮಾಡುವವರಿಗೆ ಲೆಕ್ಕ ಹೀಗಿದೆ. ಐದರಿಂದ ಹತ್ತರವರೆಗಿನ ಆರು ಸುತ್ತು ಸೇರಿದರೆ 45 ಉಸಿರು. ನಿಮಿಷಕ್ಕೆ 15ರಂತೆ ಮೂರು ನಿಮಿಷ. ಕುರ್ಚಿ ಸಾಕು, ಪಾದ ನೆಲಕ್ಕೆ ತಾಗಿರಲಿ. ಚಕ್ಕಳಮಕ್ಕಳ ಹಾಕುವವರು ಕುಂಡೆಯ ಕೆಳಗೆ ಮಡಿಸಿದ ಕಂಬಳಿ ಇಟ್ಟುಕೊಳ್ಳಲಿ. ಮಂಡಿ ಸೊಂಟಕ್ಕಿಂತ ಕೆಳಗಿದ್ದರೆ ಬೆನ್ನು ಬಾಗುವುದಿಲ್ಲ. ಉಸಿರು ಬಿಟ್ಟಾಗ ಎಣಿಸಿ. ತಪ್ಪಿದರೆ ಬೈದುಕೊಳ್ಳದೆ ಒಂದರಿಂದ ಶುರು ಮಾಡಿ. ತಪ್ಪಿದ್ದು ತಿಳಿಯಿತಲ್ಲ, ಅಭ್ಯಾಸ ನಡೆದದ್ದೇ ಆ ಗಳಿಗೆಯಲ್ಲಿ. ಕುಕ್ಕರ್ ಎರಡನೇ ವಿಷಲ್ ಹಾಕುವ ತನಕ, ಲಿಫ್ಟ್ ಬರುವ ತನಕ ಒಂದೆರಡು ಸುತ್ತು ಆಗುತ್ತದೆ. ಗಾಡಿ ಓಡಿಸುವಾಗ ಬೇಡ.

ಹೆಚ್ಚಿನವರು ಎಡವುವುದು ಒಂದೇ ಕಡೆ: ಎಣಿಸಲು ಕೂತೊಡನೆ ಉಸಿರನ್ನು ಉದ್ದ ಎಳೆಯತೊಡಗುತ್ತಾರೆ. ಇದು ಪ್ರಾಣಾಯಾಮವಲ್ಲ. ಬೇಡದಿದ್ದರೂ ಜೋರಾಗಿ ಉಸಿರಾಡಿದರೆ ರಕ್ತದ ಕಾರ್ಬನ್ ಡೈಆಕ್ಸೈಡ್ ಇಳಿದು ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ತಲೆ ಹಗುರಾಗುತ್ತದೆ, ಬೆರಳ ತುದಿ ಜುಮುಗುಡುತ್ತದೆ. ಅದನ್ನೇ ಕುಂಡಲಿನಿ ಎದ್ದಳು ಎಂದು ಸಂಭ್ರಮಿಸುವವರಿದ್ದಾರೆ. ಉಸಿರನ್ನು ಅದರ ಪಾಡಿಗೆ ಬಿಟ್ಟರೆ ಜುಮುಗುಡುವುದು ಕೆಲ ನಿಮಿಷದಲ್ಲಿ ಇಳಿಯುತ್ತದೆ.

ಗಾಬರಿಯ ತೊಂದರೆ ಇರುವ ಕೆಲವರಿಗೆ ಉಸಿರನ್ನು ಗಮನಿಸಿದಷ್ಟೂ ಎದೆ ಬಿಗಿಯುತ್ತದೆ. ಅಂಥವರು ಹಟ ಹಿಡಿಯದೆ ನಡೆಯುತ್ತ ಹೆಜ್ಜೆ ಎಣಿಸಲಿ. ಅಂಗಾಲು ನೆಲಕ್ಕೆ ತಾಗುವ ಜಾಗವೇ ದೊಡ್ಡಿಯ ಬಾಗಿಲು. ಎಣಿಕೆ ಅದೇ, ಐದರಿಂದ ಹತ್ತರವರೆಗೆ.